ಕಾರ್ನ್ ಸ್ನೇಕ್ ಹಾವಿನ ಮರಿಗಳನ್ನು ಆನ್‌ಲೈನ್ ವಂಶಾವಳಿಗೆ ಹಾಕಬೇಕು, ಆದರೆ ತಂದೆ ಯಾರೆಂದು ಖಾತ್ರಿ ಇಲ್ಲ. ಏನು ಬರೆಯಲಿ?

ಕೋಥ್ರುಡ್‌ಕರ್

ನಮಸ್ಕಾರ. ಪುಣೆಯಲ್ಲಿದ್ದೇನೆ. ಕಾರ್ನ್ ಸ್ನೇಕ್ 1.2 (ಒಂದು ಗಂಡು, ಎರಡು ಹೆಣ್ಣು), ಬಾಲ್ ಪೈಥಾನ್ 1.1. ಬಾಲ್ ಎರಡೂ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯಾಗಿವೆ. ಈ ವರ್ಷದ ಕಾರ್ನ್ ಮರಿಗಳನ್ನು ವಂಶಾವಳಿ ರಿಜಿಸ್ಟ್ರಿಗೆ ಸೇರಿಸಲು ಹೊರಟರೆ ಮೊದಲ ಫಾರ್ಮಿನಲ್ಲೇ ಸಿಕ್ಕಿಕೊಂಡಿದ್ದೇನೆ.

ತಾಯಿ ಅನೆರಿ (ಕೆಂಪು ಬಣ್ಣವಿಲ್ಲದ್ದು). ಕಳೆದ ಅಕ್ಟೋಬರ್‌ನಲ್ಲಿ ಬೆಳೆದ ಹಾವಾಗಿಯೇ ಬಂದದ್ದು. ಅಲ್ಲಿ ಗಂಡಿನ ಜೊತೆ ಇತ್ತೋ ಇಲ್ಲವೋ ಮಾರಿದವರಿಗೇ ನೆನಪಿಲ್ಲ. ಗಂಡು ಅಮೆಲ್ (ಕಪ್ಪು ಬಣ್ಣವಿಲ್ಲದ್ದು), ಬೇರೆ ಕಡೆಯದು, "ಹೆಟ್ ಏನೂ ಇಲ್ಲ" (ಹೊರಗೆ ಕಾಣದೆ ಒಳಗೆ ಹೊತ್ತ ಜೀನ್ ಯಾವುದೂ ಇಲ್ಲ) ಎಂದು ಬಿಲ್ಲಿನ ಹಿಂದೆ ಬರೆದುಕೊಟ್ಟಿದ್ದಾರೆ. ಫೆಬ್ರವರಿಯಲ್ಲಿ ಎರಡು ಸಲ ಕೂಡಿದ್ದು ಕಣ್ಣಾರೆ ಕಂಡಿದೆ. ಏಪ್ರಿಲ್‌ನಲ್ಲಿ 16 ಮೊಟ್ಟೆ, ಅದರಲ್ಲಿ 2 ಪೊಳ್ಳು. ಉಳಿದ 14ರಿಂದ ಬಂದ ಮರಿಗಳು: 11 ನಾರ್ಮಲ್, 3 ಅನೆರಿ. ಅಮೆಲ್ ಒಂದೂ ಇಲ್ಲ. ಲೆಕ್ಕದ ಪ್ರಕಾರ ಎಲ್ಲವೂ ನಾರ್ಮಲ್ ಆಗಿ, ಎರಡಕ್ಕೂ ಹೆಟ್ ಆಗಬೇಕಿತ್ತಲ್ಲ?

ಎರಡನೇ ಹೆಣ್ಣು ಸ್ನೋ (ಬಿಳಿ ಬಣ್ಣದ ಬಗೆ). ಮರಿಯಿಂದ ಒಂಟಿಯಾಗಿ ಬೆಳೆದದ್ದು, ಇನ್ನೂ ಜೋಡಿ ಮಾಡಿಲ್ಲ.

ಫಾರ್ಮಿನಲ್ಲಿ ತಂದೆಯ ಕೋಡ್ ಕಡ್ಡಾಯ. ನಮ್ಮ ಗಂಡಿನದೇ ಹಾಕಿಬಿಡಲೇ? ಇಷ್ಟು ಚಿಕ್ಕ ಮರಿಗಳನ್ನು ಒಂದರಿಂದ ಒಂದು ಬೇರೆ ಎಂದು ಗುರುತಿಡುವುದು ಹೇಗೆ? ರಿಜಿಸ್ಟ್ರಿಯ ಸರ್ಟಿಫಿಕೇಟ್ ಅರಣ್ಯ ಇಲಾಖೆಯವರ ಮುಂದೆ ನಡೆಯುತ್ತದೆಯೇ? ಹೋದ ವಾರವಷ್ಟೇ ಪೊರೆ ಬಿಟ್ಟಿವೆ, ಸದ್ಯ ಎಲ್ಲವೂ ಬೇರೆ ಬೇರೆ ಡಬ್ಬಿಯಲ್ಲಿವೆ.

ಮುಳಾಮುಠಾ

ನಿಮ್ಮ ಗಂಡಿನ ಕೋಡ್ ಹಾಕಬೇಡಿ. ಮೊದಲು ಈ ಕ್ಲಚ್ (ಒಂದು ಸಲಕ್ಕೆ ಇಟ್ಟ ಮೊಟ್ಟೆಗಳ ಗುಂಪು) ಏನು ಹೇಳುತ್ತಿದೆ ನೋಡೋಣ.

ಅಮೆಲ್, ಅನೆರಿ ಎರಡೂ ರಿಸೆಸಿವ್. ಮರಿ ಅನೆರಿಯಾಗಿ ಕಾಣಬೇಕಾದರೆ ಆ ಜೀನ್ ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಆದ್ದರಿಂದ ಆ 3 ಅನೆರಿಗಳ ತಂದೆ, ಅವನು ಯಾರೇ ಇರಲಿ, ಅನೆರಿ ಜೀನ್ ಹೊತ್ತವನು. ನಿಮ್ಮ ಗಂಡೇ ಗುಟ್ಟಾಗಿ ಹೆಟ್ ಅನೆರಿ ಆಗಿದ್ದರೆ ಸರಾಸರಿಯಲ್ಲಿ ಅರ್ಧ, ಅಂದರೆ 14ಕ್ಕೆ 7 ಅನೆರಿ ಬರಬೇಕು. 3 ಅಥವಾ ಅದಕ್ಕಿಂತ ಕಡಿಮೆ ಬರುವ ಸಾಧ್ಯತೆ ಸುಮಾರು ಶೇ 3. ಆಗದ ಮಾತಲ್ಲ, ಆದರೆ ಅನುಮಾನಕ್ಕೆ ಸಾಕು. ಮಾರಿದವರ ಮನೆಯ ಹೆಟ್ ಗಂಡೊಂದೇ ತಂದೆ ಎಂದರೂ ಇದೇ ಶೇ 3. ಇಬ್ಬರು ತಂದೆಯರು, ಒಬ್ಬನಲ್ಲಿ ಅನೆರಿ ಇದೆ ಇನ್ನೊಬ್ಬನಲ್ಲಿ ಇಲ್ಲ ಎಂದುಕೊಂಡರೆ 11ಕ್ಕೆ 3 ಸಲೀಸಾಗಿ ಕೂಡುತ್ತದೆ. ಕಾರ್ನ್ ಹೆಣ್ಣು ಹಿಂದಿನ ಕೂಟದ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಳ್ಳಬಲ್ಲದು, ಒಂದೇ ಕ್ಲಚ್‌ಗೆ ಇಬ್ಬರು ತಂದೆಯರು ಇರುವುದೂ ಹಾವುಗಳಲ್ಲಿ ಹೊಸದಲ್ಲ. ಕೂಡಿದ್ದನ್ನು ಕಂಡಿರಿ ಎಂಬುದು ಕೂಟಕ್ಕೆ ಸಾಕ್ಷಿ, ತಂದೆತನಕ್ಕಲ್ಲ.

ಇನ್ನೊಂದು ಗಮನಿಸಿ: ನಿಮ್ಮ ಗಂಡೇ ತಂದೆ ಎನ್ನಲು ಈ 14ರಲ್ಲಿ ಒಂದೂ ನೇರ ಪುರಾವೆ ಇಲ್ಲ. ತಾಯಿ ಹೆಟ್ ಅಮೆಲ್ ಆಗಿದ್ದು ಅಮೆಲ್ ಮರಿಗಳು ಬಂದಿದ್ದರೆ ಮಾತು ಬೇರೆ ಇರುತ್ತಿತ್ತು.

ಹಾಗಾಗಿ ದಾಖಲೆಯಲ್ಲಿ ಧೈರ್ಯವಾಗಿ ಬರೆಯಬಹುದಾದದ್ದು ಒಂದೇ: 11 ನಾರ್ಮಲ್‌ಗಳೂ 100% ಹೆಟ್ ಅನೆರಿ. ತಾಯಿ ಅನೆರಿ ಆದ್ದರಿಂದ ತಂದೆ ಯಾರಾದರೂ ಇದು ಬದಲಾಗದು. ಹೆಟ್ ಅಮೆಲ್ ಮಾತ್ರ ನಿಮ್ಮ ಗಂಡು ತಂದೆಯಾದರೆ ಖಾತ್ರಿ, ಇಲ್ಲದಿದ್ದರೆ ಗೊತ್ತಿಲ್ಲ. 3 ಅನೆರಿಗಳಿಗೂ ಇದೇ ಷರತ್ತು. ಕೆಲವರು ಇಂಥ ಕಡೆ "66% ಪಾಸಿಬಲ್ ಹೆಟ್" ಎಂದು ಅಂಟಿಸುತ್ತಾರೆ, ಅದು ಶುದ್ಧ ತಪ್ಪು. 66 ಎಂಬ ಅಂಕಿ ಬರುವುದು ಹೆಟ್ ಇಂಟು ಹೆಟ್ ಜೋಡಿಯ ನಾರ್ಮಲ್ ಮರಿಗಳಿಗೆ, ಮೂರರಲ್ಲಿ ಎರಡು ಎಂಬ ಲೆಕ್ಕದಿಂದ. ಹೆಟ್ ಇಂಟು ಏನೂ ಇಲ್ಲದ್ದು ಎಂದರೆ 50%. ನಿಮ್ಮದು ಎರಡೂ ಅಲ್ಲ. ಸಂಖ್ಯೆ ಹಾಕದೆ ಷರತ್ತನ್ನೇ ಟಿಪ್ಪಣಿಯಲ್ಲಿ ಬರೆಯಿರಿ.

ತಂದೆಯ ಕಾಲಂ ಕಡ್ಡಾಯ ಎಂದರೆ "ಗೊತ್ತಿಲ್ಲ" ಎಂಬ ಹೆಸರಿನಲ್ಲೇ ಹೊಸ ಗಂಡೊಂದನ್ನು ದಾಖಲಿಸಿ, ಅದರ ಟಿಪ್ಪಣಿಯಲ್ಲಿ ಸಾಧ್ಯ ತಂದೆಯರ ಪಟ್ಟಿ ಕೊಡಿ: ಒಂದು, ನಿಮ್ಮ ಅಮೆಲ್, ಫೆಬ್ರವರಿಯ ಎರಡು ತಾರೀಕುಗಳೊಂದಿಗೆ. ಎರಡು, ಅಕ್ಟೋಬರ್‌ಗೆ ಮೊದಲಿನ ಅಪರಿಚಿತ ಗಂಡು.

ಬಿಡಿಸಿಕೊಳ್ಳುವ ದಾರಿ ನಿಮ್ಮ ಮನೆಯಲ್ಲೇ ಇದೆ. ಸ್ನೋ ಎಂದರೆ ಅಮೆಲ್ ಮತ್ತು ಅನೆರಿ ಎರಡೂ. ಒಂಟಿಯಾಗಿ ಬೆಳೆದದ್ದರಿಂದ ಹಳೆಯ ವೀರ್ಯದ ಗೊಂದಲವೂ ಇಲ್ಲ. ಆಕೆಯ ತೂಕ ವಯಸ್ಸು ಸರಿಯಿದ್ದರೆ ಮುಂದಿನ ಹಂಗಾಮಿಗೆ ಇದೇ ಗಂಡಿನ ಜೊತೆ ಬಿಡಿ. ಮರಿಗಳೆಲ್ಲ ಅಮೆಲ್ ಆಗಿಯೇ ಬರುತ್ತವೆ, ಪ್ರಶ್ನೆ ಅದಲ್ಲ. ಅವುಗಳಲ್ಲಿ ಒಂದೇ ಒಂದು ಸ್ನೋ ಬಂದರೂ ಗಂಡು ಹೆಟ್ ಅನೆರಿ ಎಂದು ಸಿದ್ಧ, ಆಗ ಎರಡನೇ ತಂದೆಯನ್ನು ಹುಡುಕುವ ಅಗತ್ಯ ಬಹಳ ಕಡಿಮೆಯಾಗುತ್ತದೆ. 8 ಮರಿಗಳಲ್ಲಿ ಒಂದೂ ಸ್ನೋ ಇಲ್ಲದಿದ್ದರೆ ಅವನು ಹೆಟ್ ಆಗಿದ್ದೂ ಹೀಗೆ ತಪ್ಪಿಸಿಕೊಂಡಿರುವ ಸಾಧ್ಯತೆ 256ರಲ್ಲಿ 1. ಆಗ ಆ ಮೂರು ಅನೆರಿ ಅವನವಲ್ಲ ಎಂದು ಬರೆದುಬಿಡಬಹುದು. ಉಳಿದ ಹನ್ನೊಂದರ ಪ್ರಶ್ನೆ ಆಗಲೂ ಉಳಿಯುತ್ತದೆ. ಅವುಗಳಲ್ಲಿ ಇಟ್ಟುಕೊಳ್ಳುವ ಹಾವನ್ನು ಬೆಳೆದ ಮೇಲೆ ಅಮೆಲ್ ಜೊತೆ ಜೋಡಿ ಮಾಡಿದರೆ ಗೊತ್ತಾಗುತ್ತದೆ. ಒಂದು ಅಮೆಲ್ ಮರಿ ಬಂದರೆ ಸಾಕು. 6 ಮರಿಗಳಲ್ಲಿ ಒಂದೂ ಬಾರದೆ ಹೆಟ್ ಅಡಗಿ ಕೂರುವ ಸಾಧ್ಯತೆ 64ರಲ್ಲಿ 1.

ಸಿಂಹಗಡ ರಸ್ತೆ

ಗುರುತಿನ ವಿಷಯಕ್ಕ ಬರ್ತೀನಿ. ಮೇಲಿನವರು ಲೆಕ್ಕ ಸರಿಯಾಗಿ ಹೇಳ್ಯಾರ. ಆದ್ರ ನಾಳೆ ಎರಡು ಮರಿ ಒಂದ ಡಬ್ಬಿಗೆ ಬಿದ್ದು ಅದಲು ಬದಲಾದ್ರ ಆ ಲೆಕ್ಕ ತಗೊಂಡು ಏನ್ ಮಾಡೋದ್ರಿ?

ಒಂದು ಡಬ್ಬಿಗೆ ಒಂದ ಮರಿ, ಇದು ಮೊದಲನೇ ನಿಯಮ. ಕಾರ್ನ್ ಮರಿ ಒಮ್ಮೊಮ್ಮೆ ಜೊತೆಯದನ್ನ ನುಂಗತಾವ, ಅದೂ ಒಂದು ಕಾರಣ. ಕೋಡ್ ಡಬ್ಬಿಗೂ ಹಚ್ರಿ, ಮುಚ್ಚಳಕ್ಕೂ ಹಚ್ರಿ. ತೊಳಿಯೋ ಹೊತ್ನ್ಯಾಗ ಮುಚ್ಚಳ ಅದಲು ಬದಲಾಗೋದ ಹೆಚ್ಚು. ಮಳಿಗಾಲದಾಗ ಮಾಸ್ಕಿಂಗ್ ಟೇಪ್ ಮೂರು ದಿನಕ್ಕ ಬಿಚ್ಚಿ ಬರತೈತಿ, ಬಾಲ್‌ಪೆನ್ ಶಾಯಿ ಹರಡತೈತಿ. ಪ್ಲಾಸ್ಟಿಕ್ ಲೇಬಲ್ ಮ್ಯಾಲೆ ಪರ್ಮನೆಂಟ್ ಮಾರ್ಕರ್, ಅದರ ಮ್ಯಾಲೆ ಪಾರದರ್ಶಕ ಟೇಪ್. ಮುಂದಿನ ವರ್ಷ ತತ್ತಿ ಮ್ಯಾಲೆ ಬರಿಯೋದಿದ್ರ ಪೆನ್ಸಿಲ್ ಅಷ್ಟ. ಮಾರ್ಕರ್ ಹಚ್ಚಬ್ಯಾಡ್ರಿ.

ಕೋಡ್ ಹೆಂಗಿರಬೇಕು ಅಂದ್ರ: ನಿಮ್ಮ ಗುರುತಿನ ಎರಡಕ್ಷರ, ವರ್ಷ, ಕ್ಲಚ್ ನಂಬರ್, ಮರಿ ನಂಬರ್. ಮಾರ್ಫ್ (ಬಣ್ಣದ ಬಗಿ) ಹೆಸರು, ಗಂಡು ಹೆಣ್ಣು ಕೋಡ್‌ನ್ಯಾಗ ಸೇರಿಸಬ್ಯಾಡ್ರಿ. ಇವತ್ತು ನಾರ್ಮಲ್ ಅಂದದ್ದು ಒಂದು ವರ್ಷಕ್ಕ ಹೈಪೊ (ಕಪ್ಪು ಕಡಿಮಿ ಇರೋದು) ಅನಿಸಬಹುದು, ಹೆಣ್ಣು ಅಂದದ್ದು ಗಂಡಾಗಬಹುದು. ಕೋಡ್ ಒಮ್ಮೆ ಕೊಟ್ರ ಮುಗೀತು, ಮರಿ ಸತ್ರೂ ಆ ನಂಬರ್ ಇನ್ನೊಂದಕ್ಕ ಕೊಡಂಗಿಲ್ಲ. ಪೊಳ್ಳು ಎರಡನ್ನೂ ಕ್ಲಚ್ ದಾಖಲೆದಾಗ ಬರೀರಿ, 16 ಅಂತನ ಇರಲಿ.

ಫೋಟೊ: ಮೊದಲನೇ ಪೊರೆ ಆದಮ್ಯಾಲೆ ತಗೀಬೇಕು, ಅಂದ್ರ ನಿಮಗ ಈಗ. ಬಿಳಿ ಕಾಗದ, ಪಕ್ಕದಾಗ ಸ್ಕೇಲು, ಕೋಡ್ ಬರೆದ ಚೀಟಿ ಅದ ಫ್ರೇಮಿನ್ಯಾಗ. ಫ್ಲ್ಯಾಶ್ ಬ್ಯಾಡ. ಕಾರ್ನ್‌ಗೆ ಮೂರು ಫೋಟೊ ಸಾಕು: ತಲಿ ಮ್ಯಾಲಿಂದ, ಕುತ್ತಿಗಿಯಿಂದ ಮೊದಲ ಹತ್ತು ಮಚ್ಚಿ ಕಾಣೋ ಬೆನ್ನು, ಮತ್ತ ಹೊಟ್ಟಿ. ಬಣ್ಣ ಬದಲಾಗತೈತಿ, ಆದ್ರ ಮಚ್ಚಿಯ ಆಕಾರ, ಎಲ್ಲಿ ಎರಡು ಕೂಡ್ಯಾವ, ಎಲ್ಲಿ ಒಡದಾವ, ಅದು ಹಂಗ ಉಳೀತೈತಿ. ಹೊಟ್ಟಿ ಫೋಟೊಕ್ಕ ಇನ್ನೊಂದು ಉಪಯೋಗ: ಮಾಟ್ಲಿ ಇಲ್ಲಾ ಸ್ಟ್ರೈಪ್ ಅನ್ನೋ ಮಾರ್ಫ್ ಇದ್ರ ಹೊಟ್ಟಿ ಮ್ಯಾಲಿನ ಚೌಕಳಿ ಇರೂದಿಲ್ಲ. ಅಂಥಾ ಮರಿ ಈ ಕ್ಲಚ್‌ನ್ಯಾಗ ಒಂದು ಸಿಕ್ರ ತಂದಿ ಹುಡುಕೋ ಕೆಲಸಕ್ಕ ಅದೂ ಸುಳಿವು. ಬಾಲ್‌ಗೆ ಎಡ ಬಲ ಎರಡೂ ಮಗ್ಗಲು ಬೇಕ ಬೇಕು, ಎರಡೂ ಒಂದ ನಮೂನಿ ಇರೂದಿಲ್ಲ. ಆರು ತಿಂಗಳಿಗೊಮ್ಮೆ ಮತ್ತ ತಗದು ಹಳೇದರ ಕೆಳಗ ಸೇರಸ್ರಿ, ಹಳೇದು ಅಳಸಬ್ಯಾಡ್ರಿ.

ಸ್ನೋ ಮರಿ ಬಂದ್ರ ಮಚ್ಚಿ ಸರಿಯಾಗಿ ಕಾಣಂಗಿಲ್ಲ. ಆವಾಗ ಪೊರೆ ತಗೊಂಡು ನೀರಾಗ ನೆನಸಿ, ಉದ್ದಕ್ಕ ಹಾಸಿ, ಹೊಟ್ಟಿಯ ಅಗಲ ಹುರುಪಿ ಎಣಸ್ರಿ. ಬಾಲದ ಕೆಳಗಿನವು ಬ್ಯಾರೆ ಎಣಸ್ರಿ. ಆ ಎಣಿಕಿ ಹಾವು ಬೆಳದ್ರೂ ಬದಲಾಗೂದಿಲ್ಲ. ಅಣ್ಣ ತಮ್ಮಂದಿರಿಗೆ ಒಂದ ನಂಬರ್ ಬರಬಹುದು, ಅದಕ್ಕ ಇದೊಂದ ನಂಬಿ ಕೂಡಬ್ಯಾಡ್ರಿ, ಫೋಟೊ ಜೊತಿ ಇಡ್ರಿ.

ಮೈಕ್ರೊಚಿಪ್ ಈಗ ಬ್ಯಾಡ. ಸಾಮಾನ್ಯ ಚಿಪ್ 12 ಮಿ.ಮೀ. ಉದ್ದ, ನಿಮ್ಮ ಮರಿ ಏಳೆಂಟು ಗ್ರಾಂ ಇರಬಹುದು. ದೊಡ್ಡವಕ್ಕ ಹಾಕಸೋದಿದ್ರ ಹಾವು ಗೊತ್ತಿರೋ ವೆಟ್ ಕಡೆ, ಎಡಗಡೆ ಕುತ್ತಿಗಿ ಹಂತ್ಯಾಕ, ಮೂತಿ ತುದಿಯಿಂದ ತಲಿ ಉದ್ದದ ಎರಡು ಪಟ್ಟು ಹಿಂದ, ಚರ್ಮದ ಕೆಳಗ. ಹಾಕೋದಕ್ಕ ಮೊದಲ ಒಂದ್ಸಲ ಸ್ಕ್ಯಾನ್ ಮಾಡಸ್ರಿ, ಕೊಂಡು ತಂದ ಹಾವಿನ್ಯಾಗ ಹಳೇ ಚಿಪ್ ಇರಬಹುದು. ರೀಡರ್ 134.2 ಕಿಲೊಹರ್ಟ್ಸ್‌ದು, 15 ಅಂಕಿ ಓದೋದು ಇರಲಿ. ಅಗ್ಗದ 125 ಕಿಲೊಹರ್ಟ್ಸ್ ರೀಡರ್ ತಂದು "ಚಿಪ್ಪೇ ಇಲ್ಲ" ಅನ್ನೋರು ಭಾಳ ಮಂದಿ.

ಗಂಡೋ ಹೆಣ್ಣೋ ಅಂತ ಬರಿಯೋವಾಗ ಹೆಂಗ ತಿಳೀತು ಅದನ್ನೂ ಬರೀರಿ: ಬಾಲದ ಬುಡ ಒತ್ತಿ ನೋಡಿದ್ದೋ, ಪ್ರೋಬ್ (ತೆಳ್ಳನ ಕಡ್ಡಿ) ಹಾಕಿದ್ದೋ, ಪೊರೆ ಡಿಎನ್‌ಎಯೋ. ಒತ್ತಿದಾಗ ಏನೂ ಹೊರಗ ಬರಲಿಲ್ಲ ಅಂದ್ರ ಹೆಣ್ಣು ಅಂತ ಬರದು ಬಿಡತಾರ. ಕೈ ಪಳಗದವರು ಒತ್ತಿದ್ರ ಗಂಡಿನದೂ ಹೊರಗ ಬರೂದಿಲ್ಲ, ಮ್ಯಾಲೆ ಬಾಲಕ್ಕ ಪೆಟ್ಟು.

ಡೊಂಬಿವಲಿ ಲೋಕಲ್

ಸರ್ಟಿಫಿಕೇಟ್ ವಿಚಾರ. ಖಾಸಗಿ ರಿಜಿಸ್ಟ್ರಿ, ಅದು ಅಮೆರಿಕನ್ ಕಾರ್ನ್‌ಸ್ನೇಕ್ ರಿಜಿಸ್ಟ್ರಿ ಇರಲಿ, ಮಾರ್ಫ್‌ಮಾರ್ಕೆಟ್ ಸೈಟ್‌ನಲ್ಲಿ ನೀವು ಇಟ್ಟುಕೊಂಡ ಪಟ್ಟಿ ಇರಲಿ, ಕಾನೂನಿಗೆ ಸಂಬಂಧವೇ ಇಲ್ಲ. ಸಾಕುವವರು ಸಾಕುವವರಿಗೆ ಕೊಡುವ ಮಾತು ಅದು, ಅಷ್ಟೇ.

ಕಾನೂನಿನ ಕಡೆ: ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೆ 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಜೀವಿಗಳು ಈಗ ಅದರ 4ನೇ ಅನುಸೂಚಿಯಲ್ಲಿವೆ. ಬಾಲ್ ಪೈಥಾನ್ ಸೈಟಿಸ್ ಅನುಬಂಧ 2ರಲ್ಲಿ ಬರುತ್ತದೆ, ಆದ್ದರಿಂದ 2024ರ ಫೆಬ್ರವರಿಯ ನಿಯಮಗಳ ಪ್ರಕಾರ ಪರಿವೇಶ್‌ನಲ್ಲಿ ನೋಂದಣಿ ಕಡ್ಡಾಯ. ಹೊಸದಾಗಿ ಕೈಗೆ ಬಂದರೆ 30 ದಿನದೊಳಗೆ ಅರ್ಜಿ. ಮರಿ ಹುಟ್ಟಿದರೆ, ಸತ್ತರೆ, ಇನ್ನೊಬ್ಬರಿಗೆ ಕೊಟ್ಟರೆ ಅಲ್ಲಿಯೇ ತಿಳಿಸಬೇಕು. ಮಹಾರಾಷ್ಟ್ರದಲ್ಲಿ ಇದು ಮುಖ್ಯ ವನ್ಯಜೀವಿ ಪಾಲಕರ ವ್ಯಾಪ್ತಿ, ಅವರ ಕಚೇರಿ ನಾಗಪುರದಲ್ಲಿ. ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಈ ಫಾರ್ಮ್ ಅದಕ್ಕಿಲ್ಲ. ಆದರೂ ಕೊಂಡ ಬಿಲ್ಲು, ಕೊಟ್ಟವರ ಬರಹ, ಕ್ಲಚ್ ದಾಖಲೆ ಒಂದೇ ಫೈಲಿನಲ್ಲಿ ಇರಲಿ.

ಬಾಲ್ ಮರಿಯಾದರೆ ಪರಿವೇಶ್ ಸಂಖ್ಯೆಯನ್ನು ನಿಮ್ಮ ಖಾಸಗಿ ದಾಖಲೆಯಲ್ಲಿ ಒಂದು ಕಾಲಂ ಮಾಡಿ ಬರೆಯಿರಿ. ಎರಡೂ ಕಡೆ ಹುಟ್ಟಿದ ತಾರೀಕು, ಮರಿಗಳ ಸಂಖ್ಯೆ ಒಂದೇ ಇರಬೇಕು. ಇಲ್ಲಿ 5, ಅಲ್ಲಿ 6 ಎಂದಿದ್ದರೆ ಆರನೆಯದು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತ ಕೂರಬೇಕು.

ಡಿಎನ್‌ಎ ಎಂದವರು ಇದ್ದಾರೆ ಆದ್ದರಿಂದ ಹೇಳುತ್ತಿದ್ದೇನೆ: ಬಾಲ್‌ನ ಪೊರೆಯೂ ಸೈಟಿಸ್ ಲೆಕ್ಕದಲ್ಲಿ ಆ ಪ್ರಾಣಿಯದೇ ಅಂಶ. ಅಮೆರಿಕದ ಲ್ಯಾಬ್‌ಗೆಂದು ಲಕೋಟೆಯಲ್ಲಿ ಹಾಕಿ ಕೊರಿಯರ್ ಮಾಡುವಂತಿಲ್ಲ, ಪರ್ಮಿಟ್ ಬೇಕು.

ಮತ್ತೆ, ನಮ್ಮ ನೆಲದ ಹೆಬ್ಬಾವು, ಕೇರೆ, ನಾಗರ, ಮಣ್ಣುಮುಕ್ಕ ಇವನ್ನು ಯಾವ ರಿಜಿಸ್ಟ್ರಿಗೆ ಹಾಕಿದರೂ ಸಕ್ರಮ ಆಗುವುದಿಲ್ಲ. ಇಂಥ ಚರ್ಚೆ ಓದಿ "ನನ್ನ ಹತ್ತಿರವೂ ಒಂದು ಇದೆ" ಎಂದು ಕೇಳುವವರು ಇದ್ದೇ ಇರುತ್ತಾರೆ, ಅವರಿಗಾಗಿ ಈ ಸಾಲು.

ಕೋಥ್ರುಡ್‌ಕರ್

ತುಂಬಾ ಉಪಕಾರವಾಯ್ತು. ಹೊಟ್ಟೆ ನೋಡಿದೆ, 14ಕ್ಕೂ ಚೌಕಳಿ ಇದೆ, ಆ ಸುಳಿವು ಸಿಗಲಿಲ್ಲ. "ಗೊತ್ತಿಲ್ಲ" ತಂದೆಯನ್ನು ಸೃಷ್ಟಿಸಿ ಉಳಿಸಿದ್ದೇನೆ.

ಇನ್ನೆರಡು ಕೇಳುವುದಿದೆ. ಗಂಡು ಮತ್ತು ಸ್ನೋ ಜೋಡಿಯನ್ನು ಹಾಕಿ ನೋಡಿದರೆ ಸಾಫ್ಟ್‌ವೇರ್ ಒಳಸಂಬಂಧದ ಅಂಶ (ಮರಿಯ ತಂದೆ ತಾಯಿ ಎಷ್ಟು ಹತ್ತಿರದ ರಕ್ತಸಂಬಂಧಿಗಳು ಎಂಬ ಅಳತೆ) 0% ತೋರಿಸುತ್ತಿದೆ. ನಿಶ್ಚಿಂತೆಯಿಂದ ಜೋಡಿ ಮಾಡಬಹುದೇ? ಮತ್ತೆ ಇಂಥ ಸೈಟ್ ನಾಳೆ ಮುಚ್ಚಿದರೆ?

ಮುಳಾಮುಠಾ

0% ಎಂದರೆ "ಸಂಬಂಧವಿಲ್ಲ" ಎಂದಲ್ಲ, "ನನ್ನ ಬಳಿ ಮಾಹಿತಿ ಇಲ್ಲ" ಎಂದು. ತಂದೆ ತಾಯಿ ಖಾಲಿ ಇರುವ ಹಾವನ್ನು ಸಾಫ್ಟ್‌ವೇರ್ ಎಲ್ಲರಿಂದಲೂ ಬೇರೆ ಎಂದೇ ಎಣಿಸುತ್ತದೆ. ಒಂದೇ ಕ್ಲಚ್‌ನ ಅಣ್ಣ ತಂಗಿಯನ್ನು ತಂದು, ಇಬ್ಬರಿಗೂ ಪೋಷಕರ ಕಾಲಂ ಖಾಲಿ ಬಿಟ್ಟು ಜೋಡಿ ಮಾಡಿದರೆ ಅದು ಮರಿಗೆ 0 ಎನ್ನುತ್ತದೆ. ನಿಜ ಸಂಖ್ಯೆ 25%. ತಂದೆ ಒಬ್ಬನೇ, ತಾಯಿ ಬೇರೆ ಆದರೆ 12.5%.

ಪರಿಹಾರ ಸುಲಭ, ಆದರೂ ಯಾರೂ ಮಾಡುವುದಿಲ್ಲ. ಒಂದೇ ಕ್ಲಚ್ ಎಂದು ಗೊತ್ತಿರುವ ಹಾವುಗಳಿಗೆ ಒಂದೇ ಜೊತೆ ಹುಸಿ ಪೋಷಕರನ್ನು ದಾಖಲಿಸಿ, "ಅಪರಿಚಿತ ತಾಯಿ, ಇಂಥ ಮಾರಾಟಗಾರ, 2023, ಕ್ಲಚ್ 1" ಎಂಬಂತೆ. ಆಗ ಅವು ಒಂದಕ್ಕೊಂದು ಜೋಡಣೆಯಾಗುತ್ತವೆ. ಪ್ರತಿ ಹಾವಿಗೂ ಬೇರೆ "ಗೊತ್ತಿಲ್ಲ" ಮಾಡಿದರೆ ಪ್ರಯೋಜನವಿಲ್ಲ, ಎಲ್ಲ ಹಾವುಗಳಿಗೂ ಒಂದೇ "ಗೊತ್ತಿಲ್ಲ" ಹಂಚಿದರೆ ಊರಿನ ಹಾವೆಲ್ಲ ಅಣ್ಣ ತಮ್ಮಂದಿರಾಗುತ್ತವೆ. ಈಗ ನೀವು ಉಳಿಸಿದ ಆ ತಂದೆಗೂ ಬರೀ "ಗೊತ್ತಿಲ್ಲ" ಎಂದಿಡದೆ ಈ ಕ್ಲಚ್‌ನ ಕೋಡ್ ಸೇರಿಸಿ.

ನಿಮ್ಮ ಗಂಡು ಮತ್ತು ಸ್ನೋ ಬೇರೆ ಬೇರೆ ಕಡೆಯವು ಎಂದರೂ, ಮಾರಿದ ಇಬ್ಬರೂ ಒಬ್ಬರ ಹತ್ತಿರವೇ ತಂದಿರಬಹುದು. ಕೇಳಬೇಕಾದ ಪ್ರಶ್ನೆ "ಸಂಬಂಧಿಗಳಾ?" ಎಂದಲ್ಲ, ಅದಕ್ಕೆ ಎಲ್ಲರೂ ಇಲ್ಲ ಎನ್ನುತ್ತಾರೆ. "ನೀವು ಯಾರಿಂದ, ಯಾವ ವರ್ಷ ತಂದಿರಿ, ಅವುಗಳ ತಂದೆ ತಾಯಿಯ ಫೋಟೊ ಇದೆಯಾ?" ಎಂದು ಕೇಳಿ. ಉತ್ತರ ಬಂದದ್ದನ್ನು "ಹೇಳಿಕೆ" ಎಂದೇ ದಾಖಲಿಸಿ. ಕಂಡದ್ದು, ಮರಿ ಮಾಡಿಸಿ ಸಾಬೀತಾದದ್ದು, ಯಾರೋ ಹೇಳಿದ್ದು, ಈ ಮೂರಕ್ಕೂ ಬೇರೆ ಗುರುತು ಇಲ್ಲದ ರಿಜಿಸ್ಟ್ರಿಯಲ್ಲಿ ಟಿಪ್ಪಣಿಯ ಜಾಗವನ್ನೇ ಅದಕ್ಕೆ ಬಳಸಿ. ಬಿಲ್ಲಿನ ಹಿಂದಿನ "ಹೆಟ್ ಏನೂ ಇಲ್ಲ" ಮೂರನೇ ಗುಂಪಿನದು.

ಮೊಟ್ಟೆಯ ತಾಪಮಾನವನ್ನೂ ಕ್ಲಚ್ ದಾಖಲೆಗೆ ಸೇರಿಸಿ. ಕಾರ್ನ್‌ಗೆ 27ರಿಂದ 28 ಡಿಗ್ರಿ, ಸುಮಾರು ಎರಡು ತಿಂಗಳು. ನಮ್ಮಲ್ಲಿ ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವುದು ಇದ್ದದ್ದೇ, ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಡಬ್ಬಿ 33 ದಾಟಿದರೆ ಬೆನ್ನು ಮೂಳೆ ಸೊಟ್ಟಗಿರುವ ಮರಿ ಬರಬಹುದು. ಆ ದಿನದ ಏರಿಕೆ ಬರೆದಿರದಿದ್ದರೆ ಆ ಸೊಟ್ಟವನ್ನು ಮುಂದೆ ವಂಶದ ದೋಷವೆಂದು ಯಾರಾದರೂ ಓದುತ್ತಾರೆ.

ಮಡಗಾಂವ್

ಸೈಟ್ ಮುಚ್ಚುವ ಪ್ರಶ್ನೆಗೆ. ಮೂಲ ದಾಖಲೆ ನಿಮ್ಮ ಹತ್ತಿರದ ಶೀಟ್ ಆಗಿರಲಿ, ಆನ್‌ಲೈನ್ ಅದರ ನಕಲು. ತಿಂಗಳಿಗೊಮ್ಮೆ ಸಿಎಸ್‌ವಿ (ಶೀಟಿನ ಸಾದಾ ಪಠ್ಯ ಫೈಲ್) ಇಳಿಸಿ, ಫೋಟೊಗಳನ್ನು ಬೇರೆಯಾಗಿ ಇಳಿಸಿ (ಸಿಎಸ್‌ವಿಯಲ್ಲಿ ಫೋಟೊ ಬರುವುದಿಲ್ಲ, ಕೊಂಡಿ ಮಾತ್ರ ಬರುತ್ತದೆ). ಫೋಟೊ ಫೈಲಿನ ಹೆಸರೇ ಹಾವಿನ ಕೋಡ್ ಮತ್ತು ತಾರೀಕು ಆಗಿರಲಿ.

ಎಕ್ಸೆಲ್ ಮಾಡುವ ಕಿತಾಪತಿ ಗೊತ್ತಿರಲಿ. 15 ಅಂಕಿಯ ಚಿಪ್ ಸಂಖ್ಯೆಯನ್ನು 3.56ಇ+14 ಎಂದು ತೋರಿಸುತ್ತದೆ. ಹಾಗೆಯೇ ಸಿಎಸ್‌ವಿ ಉಳಿಸಿದರೆ ಕೊನೆಯ ಅಂಕಿಗಳು ಹೋದಂತೆಯೇ. 007 ಎಂದು ಬರೆದರೆ 7 ಉಳಿಯುತ್ತದೆ. ತಿಂಗಳ ಮೂರಕ್ಷರದ ಇಂಗ್ಲಿಷ್ ಹೆಸರು ಮತ್ತು ಸಂಖ್ಯೆ ಸೇರಿದ ಕೋಡ್ ಇಟ್ಟರೆ ಅದನ್ನು ತಾರೀಕು ಮಾಡಿಬಿಡುತ್ತದೆ. ಆದ್ದರಿಂದ ತುಂಬುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿ. ತಾರೀಕನ್ನು 2025-04-05 ಹೀಗೆ ವರ್ಷ ಮೊದಲಾಗಿ ಬರೆಯಿರಿ. 05/04 ಎಂದರೆ ಅಮೆರಿಕದ ಸೈಟ್ ಅದನ್ನು ಮೇ 4 ಎಂದು ಓದುತ್ತದೆ, ಮೊಟ್ಟೆ ಇಟ್ಟ ದಿನಕ್ಕೂ ಒಡೆದ ದಿನಕ್ಕೂ ನಡುವೆ ಒಂದು ತಿಂಗಳೇ ಮಾಯ. ಟಿಪ್ಪಣಿ ಕನ್ನಡದಲ್ಲಿದ್ದರೆ ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಆರಿಸಿ, ಇಲ್ಲವಾದರೆ ಮತ್ತೆ ತೆರೆದಾಗ ಬರೀ ಪ್ರಶ್ನಾರ್ಥಕ ಚಿಹ್ನೆ.

ನಿಮ್ಮ ಬಾಲ್ ಗಂಡು ಯಾವ ಮಾರ್ಫ್?

ಕೋಥ್ರುಡ್‌ಕರ್

ಗಂಡು ಬನಾನಾ, ಹೆಣ್ಣು ಪೇಸ್ಟಲ್.

ಮಡಗಾಂವ್

ಹಾಗಾದರೆ ಆ ಗಂಡಿಗೆ ಬನಾನಾ ತಂದೆಯಿಂದ ಬಂತೋ ತಾಯಿಯಿಂದಲೋ ಎಂದು ಮಾರಿದವರನ್ನು ಇವತ್ತೇ ಕೇಳಿ ಬರೆದಿಡಿ. ಬನಾನಾ ಜೀನ್ ಲಿಂಗ ನಿರ್ಧರಿಸುವ ಕ್ರೋಮೋಸೋಮಿನ ಮೇಲಿದೆ, ಬಾಲ್ ಪೈಥಾನ್‌ನಲ್ಲಿ ಗಂಡು ಎಕ್ಸ್‌ವೈ. ತಂದೆಯಿಂದ ಪಡೆದ ಗಂಡಾದರೆ ಅವನ ಬನಾನಾ ಮರಿಗಳಲ್ಲಿ ಬಹುಪಾಲು ಗಂಡು, ತಾಯಿಯಿಂದ ಪಡೆದಿದ್ದರೆ ಬಹುಪಾಲು ಹೆಣ್ಣು. ಹೆಚ್ಚಿನ ಫಾರ್ಮ್‌ಗಳಲ್ಲಿ ಇದಕ್ಕೆ ಕಾಲಂ ಇರುವುದಿಲ್ಲ. ಕ್ಲಚ್ ಬಂದ ಮೇಲೆ ಎಣಿಸಿಯೂ ತಿಳಿಯಬಹುದು, ಆದರೆ ಬಾಲ್ ಸಾಮಾನ್ಯವಾಗಿ ಇಡುವುದೇ ಐದಾರು ಮೊಟ್ಟೆ, ಅದರಲ್ಲಿ ಬನಾನಾ ಎರಡೋ ಮೂರೋ. ಅಷ್ಟರಿಂದ ತೀರ್ಮಾನಕ್ಕೆ ಬರಬೇಡಿ, ಎರಡನೇ ಕ್ಲಚ್ ಆದ ಮೇಲೆ ಕೂಡಿಸಿ ನೋಡಿ.